ಬಿಸಿಲಿಗೆ ಬಿಲ್ ಬರಲ್ಲ

2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿತಲ್ಲ, ಆಗ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ದಿನಾ ಅದೇ ಚರ್ಚೆ. ಸಾರಿಗೆ ಹುಣಸೆಹಣ್ಣೊಂದೇ ಸಾಕು ಅಂತ ಒಬ್ಬರು, ದಲ್ಲಾಳಿಗಳದ್ದೇ ಆಟ ಅಂತ ಇನ್ನೊಬ್ಬರು. ಕೊನೆಗೆ ಒಬ್ಬ ಲ್ಯಾಪ್‌ಟಾಪ್ ಮಡಚುತ್ತಾ ತೀರ್ಪು ಕೊಟ್ಟ: "ಇನ್ಮೇಲೆ ಕೋಲಾರ ಯಾಕ್ರೋ ಬೇಕು? ಬೇಸ್‌ಮೆಂಟಿನಲ್ಲಿ ರ್‍ಯಾಕ್ ಹಾಕಿ, ಎಲ್‌ಇಡಿ ಹಚ್ಚಿ. ನಲವತ್ತು ದಿನಕ್ಕೆ ಟೊಮೇಟೊ. ಸೈನ್ಸ್ ರೆಡಿ ಇದೆ."

ಸೈನ್ಸ್ ರೆಡಿ ಇರೋದು ನಿಜ. ನನ್ನ ತಕರಾರು ಬೇಸ್‌ಮೆಂಟಿನ ಮೇಲೆ.

ಅವನು ಹೇಳಿದ್ದು ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಕೆಲಸ. 2019ರಲ್ಲಿ ಜಾಕರಿ ಲಿಪ್‌ಮನ್ ತಂಡ ಕ್ರಿಸ್ಪರ್ ತಂತ್ರದಿಂದ ಟೊಮೇಟೊದ ಮೂರು ಜೀನ್‌ಗಳನ್ನು ತಿದ್ದಿತು. ಎರಡು ತಿದ್ದುಪಡಿಯಿಂದ ಗಿಡ ಬೇಗ ಹೂ ಬಿಟ್ಟು ಬೆಳವಣಿಗೆ ನಿಲ್ಲಿಸುತ್ತದೆ. ಮೂರನೆಯದರಿಂದ ಕಾಂಡ ಗಿಡ್ಡವಾಗುತ್ತದೆ. ಹಣ್ಣು ದ್ರಾಕ್ಷಿ ಗೊಂಚಲಿನಂತೆ ಒತ್ತೊತ್ತಾಗಿ ಬಿಟ್ಟು, ನಲವತ್ತು ದಿನದೊಳಗೆ ಕೊಯ್ಲಿಗೆ ಬರುತ್ತದೆ. ಚಪ್ಪಾಳೆ ತಟ್ಟಲೇಬೇಕಾದ ಕೆಲಸ.

ಗಿಡವನ್ನು ಇಷ್ಟು ಕುಗ್ಗಿಸಿದ್ದು ಯಾಕೆ? ಸೊಪ್ಪಾದರೆ ಬೆಳೆದದ್ದನ್ನೆಲ್ಲ ತಿನ್ನಬಹುದು. ಟೊಮೇಟೊದಲ್ಲಿ ಕಾಂಡ, ಎಲೆ ಎಲ್ಲ ತಿಪ್ಪೆಗೆ. ಅಂದರೆ ರ್‍ಯಾಕಿನಲ್ಲಿ ಅವನ್ನು ಬೆಳೆಸಲು ಸುಟ್ಟ ಕರೆಂಟೂ ತಿಪ್ಪೆಗೆ. ಗಿಡ ಗಿಡ್ಡವಾದಷ್ಟೂ, ಬೇಗ ಹಣ್ಣಾದಷ್ಟೂ ನಷ್ಟ ಕಡಿಮೆ. ನಷ್ಟ ಕಡಿಮೆಯಾಯಿತು ಅಂದ ಮಾತ್ರಕ್ಕೆ ಲಾಭ ಬಂತು ಅಂತಲ್ಲ.

ಲೆಕ್ಕ ಹಾಕೋಣ. ಟೊಮೇಟೊಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 20 ಮೋಲ್ ಬೆಳಕು ಬೇಕು. ಒಳ್ಳೆಯ ಎಲ್‌ಇಡಿ ಒಂದು ಜೂಲ್ ವಿದ್ಯುತ್ತಿಗೆ 3 ಮೈಕ್ರೋಮೋಲ್ ಬೆಳಕು ಕೊಡುತ್ತದೆ. ಭಾಗಿಸಿದರೆ ದಿನಕ್ಕೆ ಸುಮಾರು 1.85 ಯೂನಿಟ್, ನಲವತ್ತು ದಿನಕ್ಕೆ 74. ಯೂನಿಟ್ಟಿಗೆ ಏಳು ರೂಪಾಯಿ ಅಂದುಕೊಂಡರೂ ಐನೂರು ಚಿಲ್ಲರೆ. ಕೆಜಿಗೆ 50 ರೂಪಾಯಿಯಂತೆ ಮಾರಿದರೆ, ಆ ಒಂದು ಚದರ ಮೀಟರಿನಲ್ಲಿ ಹತ್ತು ಕೆಜಿ ಬೆಳೆದಾಗ ದೀಪದ ಖರ್ಚಷ್ಟೇ ಹುಟ್ಟುತ್ತದೆ. ದೀಪದ ಶಾಖ ಇಳಿಸುವ ಎಸಿ, ಪಂಪು, ಬಾಡಿಗೆ, ಸಂಬಳ ಇನ್ನೂ ಹಾಗೇ ಬಾಕಿ. ಗಾಳಿಯಿಲ್ಲದ ಕೋಣೆಯಲ್ಲಿ ಪರಾಗ ಉದುರಲು ಹೂಗಳನ್ನು ಅಲ್ಲಾಡಿಸುವುದಕ್ಕೂ ಯಾರಾದರೂ ಬೇಕು. ಹೊರಗೆ ನಮ್ಮೂರಿನ ಬಿಸಿಲು ವರ್ಷದ ಬಹುಪಾಲು ದಿನ ಆ 20 ಮೋಲ್‌ಗಿಂತ ಹೆಚ್ಚನ್ನೇ ಪುಕ್ಕಟೆ ಸುರಿಯುತ್ತಿರುತ್ತದೆ!

ಇದು ನನ್ನೊಬ್ಬನ ಹೊಟ್ಟೆಕಿಚ್ಚಿನ ಮಾತಲ್ಲ. ಅಮೆರಿಕದ ಏರೋಫಾರ್ಮ್ಸ್ 2023ರಲ್ಲಿ, ಪ್ಲೆಂಟಿ 2025ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದವು. ಬೌರಿ 2024ರಲ್ಲಿ ಬಾಗಿಲೇ ಮುಚ್ಚಿತು. ಇವರೆಲ್ಲ ಮುಖ್ಯವಾಗಿ ಬೆಳೆಯುತ್ತಿದ್ದದ್ದು ಸೊಪ್ಪು, ಟೊಮೇಟೊಗಿಂತ ಕಡಿಮೆ ಬೆಳಕು ಬೇಡುವ ಬೆಳೆ. ಸೊಪ್ಪಿನಲ್ಲೇ ಗಿಟ್ಟದ್ದು ಹಣ್ಣಿನಲ್ಲಿ ಗಿಟ್ಟುತ್ತದೆ ಅನ್ನುವವರು ಮೊದಲು ಲೆಕ್ಕ ತೋರಿಸಲಿ.

"ನೀರು ಉಳಿಯುತ್ತೆ, ಔಷಧಿ ಹೊಡೆಯೋದು ತಪ್ಪುತ್ತೆ" ಅಂತೀರಾ? ಒಪ್ಪಿದೆ. ಆದರೆ ನೀರು ಉಳಿಸುವುದು ಹೈಡ್ರೋಪೋನಿಕ್ಸ್, ಕತ್ತಲೆಯಲ್ಲ. ಅದನ್ನೇ ಪಾಲಿಹೌಸಿನಲ್ಲೋ ನೆಟ್ ಕಟ್ಟಿದ ತಾರಸಿಯಲ್ಲೋ ಮಾಡಬಹುದು. ಬಾಹ್ಯಾಕಾಶ ನಿಲ್ದಾಣದಲ್ಲಿ 'ರೆಡ್ ರಾಬಿನ್' ಅನ್ನೋ ಕುಬ್ಜ ಟೊಮೇಟೊ ಬೆಳೆಸಿ ನೋಡಿದ್ದಾರೆ. ಅಲ್ಲಿ ಎಲ್‌ಇಡಿ ಬಿಟ್ಟರೆ ಗತಿಯಿಲ್ಲ, ಸರಿ. ವೈಟ್‌ಫೀಲ್ಡಿಗೆ ಏನು ಬಂದಿದೆ?

ಇನ್ನು ಕೋಲಾರದ ರೈತನಿಗೆ ಈ ಗಿಡದಿಂದ ಏನು ಸಿಕ್ಕಿತು? ಅವನ ಕಷ್ಟ ಗಿಡದ ಎತ್ತರದ್ದಲ್ಲ. ಬಿಳಿನೊಣ ಹರಡುವ ಎಲೆ ಮುಟುರು ರೋಗದ್ದು, ಸೊರಗು ರೋಗದ್ದು, ಬೆಲೆಯದ್ದು. ನಾವು ನೂರು ರೂಪಾಯಿಗೆ ಬೊಬ್ಬೆ ಹೊಡೆದ ಆ ವರ್ಷವೇ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಆಗ ಕ್ಯಾಂಟೀನಿನಲ್ಲಿ ಯಾರೂ ಚರ್ಚೆ ಮಾಡಲಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆ ಮುಟುರು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ 'ಅರ್ಕಾ ರಕ್ಷಕ್' ತಳಿ ಕೊಟ್ಟಿದೆ. ನಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದೀವಿ? ತಳಿ ಅಭಿವೃದ್ಧಿ ಅಂದರೆ ಯಾರ ಕಷ್ಟ ಮೊದಲು ಅಂತ ತೀರ್ಮಾನ ಮಾಡುವುದು. ಹೂಡಿಕೆದಾರರ ರ್‍ಯಾಕಿನ ಎತ್ತರವೇ ಮೊದಲು ಅಂತಾದರೆ, ರುಚಿ ಮತ್ತು ರೈತ ಎರಡೂ ಕ್ಯೂನ ಕೊನೆಗೆ.

ಹಾಗಂತ ಗಿಡ್ಡ ಗಿಡ ಬೇಡ ಅನ್ನುತ್ತಿಲ್ಲ. ನನಗೇ ಬೇಕು! ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಆರಡಿ ಬೆಳೆಯುವ ಗಿಡಕ್ಕೆ ಕೋಲು ಕಟ್ಟುವುದೆಲ್ಲಿ? ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಸಣ್ಣ ಕುಂಡದಲ್ಲಿ, ಒಂದೂವರೆ ಅಡಿಯೊಳಗೆ ನಿಂತು ಹಣ್ಣು ಕೊಡುವ ತಳಿ ನಮಗೇ ಹೇಳಿ ಮಾಡಿಸಿದ್ದು. ಟೊಮೇಟೊ ಸ್ವಕೀಯ ಪರಾಗಸ್ಪರ್ಶದ ಗಿಡ. ಹೈಬ್ರಿಡ್ ಅಲ್ಲದ ಸ್ಥಿರ ತಳಿಯಾದರೆ ಒಂದು ಹಣ್ಣಿನ ಬೀಜ ತೊಳೆದು ಒಣಗಿಸಿಟ್ಟು ಮುಂದಿನ ಸಲಕ್ಕೆ ಹಾಕಬಹುದು, ಪಕ್ಕದ ಮನೆಯವರಿಗೂ ಕೊಡಬಹುದು. ಅಂಥ ತಳಿಯನ್ನು ನಮ್ಮ ಸರ್ಕಾರಿ ಸಂಸ್ಥೆಗಳು ಮಾಡಲಿ, ಸಾರಿಗೆ ಹುಳಿ ಬರುವಂತೆ ಮಾಡಲಿ, ಬೀಜ ಎಲ್ಲರ ಕೈಗೆ ಸಿಗಲಿ. ಕೇಳಬೇಕಾದ್ದು ಇದನ್ನ.

ಕ್ಯಾಂಟೀನಿನ ಗೆಳೆಯನಿಗೆ ಒಂದೇ ಮಾತು: ಬೇಸ್‌ಮೆಂಟಿನಲ್ಲಿ ಬೈಕ್ ನಿಲ್ಲಿಸೋಣ ಮಾರಾಯ. ಗಿಡ ಮೇಲಿರಲಿ.