ನಮ್ಮ ಭಾಗಕ್ಕೊಂದು ಡೈರೆಕ್ಟರಿ: ಕೋಡ್ ಸುಲಭ, ಫೋನ್ ಮಾಡೋದೇ ಕಷ್ಟ

ಮಿನಿ ಪ್ರಾಜೆಕ್ಟ್ ಟಾಪಿಕ್ ಕೊಡಿ ಅಂದಾಗ ಪ್ರತಿ ಬ್ಯಾಚಲ್ಲೂ ಒಂದಾದ್ರೂ ಟೀಮ್ 'ಲೋಕಲ್ ಸರ್ವಿಸ್ ಡೈರೆಕ್ಟರಿ' ಅಂತ ಬರೆದೇ ಬರೆಯುತ್ತೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಬ್ಲಡ್ ಬ್ಯಾಂಕ್, ಆಂಬುಲೆನ್ಸ್ ಎಲ್ಲಾ ಒಂದೇ ಕಡೆ. ಲಾಗಿನ್ ಪೇಜ್ ಇರುತ್ತೆ, ಡೇಟಾಬೇಸ್ ಇರುತ್ತೆ, ಸರ್ಚ್ ಬಾಕ್ಸೂ ಇರುತ್ತೆ. ಒಳಗಿರೋದು ಮಾತ್ರ ಹತ್ತು ಡಮ್ಮಿ ಎಂಟ್ರಿ. ವೈವಾ ಮುಗಿದ ದಿನ ಪ್ರಾಜೆಕ್ಟೂ ಮುಗೀತು. ಇದನ್ನ ಯಾರಾದ್ರೂ ನಿಜವಾಗಿ ಕಟ್ಟಬೇಕು, ಅದೂ ನಮ್ಮಂಥ ಕಾಲೇಜಿನವರೇ ಕಟ್ಟಬೇಕು ಅನ್ನೋದು ನಮ್ಮ ವಾದ.

ಗೂಗಲ್ ಇದೆಯಲ್ಲ, ಸರ್ಕಾರದ ಪೋರ್ಟಲ್‌ಗಳಿವೆಯಲ್ಲ ಅಂತ ನೀವು ಕೇಳಬಹುದು. ಇವೆ. 2021ರ ಆಗಸ್ಟಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಅಸಂಘಟಿತ ಕಾರ್ಮಿಕರಿಗೆ 12 ಅಂಕಿಯ ನಂಬರ್ ಸಿಗುತ್ತೆ. ಆದರೆ ಅದು ಮುಖ್ಯವಾಗಿ ಸರ್ಕಾರದ ಯೋಜನೆಗಳಿಗೆ ಬೇಕಾದ ನೋಂದಣಿ, ಜಗಳೂರಿನ ಒಂದು ಮನೆಯವರು ಅದರಲ್ಲಿ ಪ್ಲಂಬರ್ ಹುಡುಕೋಕೆ ಆಗಲ್ಲ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಪ್ರಕಾರ ರಚನೆಯಾದ ಕಲ್ಯಾಣ ಮಂಡಳಿ ಇದೆ. 18ರಿಂದ 60 ವಯಸ್ಸಿನೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಅಲ್ಲಿ ಹೆಸರು ನೋಂದಾಯಿಸಬಹುದು, ಮಕ್ಕಳ ಓದಿಗೆ ಸಹಾಯಧನಕ್ಕೂ ಅರ್ಜಿ ಹಾಕಬಹುದು. ಅರ್ಜಿ ಎಲ್ಲಿ ಹಾಕೋದು, ಯಾವ ಕಾಗದ ಬೇಕು, ನಮ್ಮೂರಿಗೆ ಹತ್ತಿರದ ಕಚೇರಿ ಯಾವುದು? ಇದು ಗೊತ್ತಿದ್ದವರಿಗೆ ಗೊತ್ತು, ಇಲ್ಲದವರು ಮಧ್ಯವರ್ತಿಗೆ ದುಡ್ಡು ಕೊಡ್ತಾರೆ. ಒಂದು ಸರಿಯಾದ ಪಟ್ಟಿ ಇಲ್ಲದಿದ್ದರೆ ನಷ್ಟ ಆಗೋದು ಇಂಥವರಿಗೆ.

ಹಾಗಾದ್ರೆ ಎಂಥ ಪಟ್ಟಿ ಬೇಕು?

ಮೊದಲನೇದು, ಅದು ಜಿಲ್ಲೆಯ ಪಟ್ಟಿ ಆಗಬಾರದು, ಭಾಗದ ಪಟ್ಟಿ ಆಗಬೇಕು. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆದರೆ ಅಲ್ಲಿಯವರಿಗೆ ಹತ್ತಿರದ ದೊಡ್ಡ ಊರು ಇವತ್ತಿಗೂ ದಾವಣಗೆರೆನೇ. ಆಸ್ಪತ್ರೆ ಹುಡುಕೋರು ಜಿಲ್ಲೆ ಗಡಿ ನೋಡ್ಕೊಂಡು ಬಸ್ ಹತ್ತಲ್ಲ.

ಎರಡನೇದು ಭಾಷೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಮ್‌ನವರು, ಡ್ರಾಪ್‌ಡೌನಲ್ಲಿ 'ಮೇಸನ್' ಅಂತ ಹಾಕಿ ಮುಂದೆ ಹೋಗ್ತೀವಿ. ಉತ್ತರದ ಕಡೆಯವರು ಗೌಂಡಿ ಅಂತಾರೆ, ದಕ್ಷಿಣದ ಕಡೆ ಗಾರೆ ಕೆಲಸದವರು ಅಂತಾರೆ. ದಾವಣಗೆರೆ ನಡುಮಧ್ಯ ಇರೋದ್ರಿಂದ ಎರಡೂ ಕಿವಿಗೆ ಬೀಳುತ್ತೆ. ಸರ್ಕಾರದ ಕಾಗದದಲ್ಲಿರೋ 'ನ್ಯಾಯಬೆಲೆ ಅಂಗಡಿ' ಜನರ ಬಾಯಲ್ಲಿ ರೇಷನ್ ಅಂಗಡಿ, ಕೆಲವರಿಗೆ ಸೊಸೈಟಿ. ಇವೆಲ್ಲಾ ಒಂದೇ ಜಾಗಕ್ಕೆ ಕರ್ಕೊಂಡು ಹೋಗಬೇಕು. ಈ ಪದಗಳ ಟೇಬಲ್ ಮಾಡೋದು ಕಂಪ್ಯೂಟರ್ ಸೈನ್ಸ್‌ನವರ ಕೆಲಸಕ್ಕಿಂತ ಕನ್ನಡ ಸಂಘದ ಕೆಲಸ.

ಮೂರನೇದು, ಎಲ್ಲಕ್ಕಿಂತ ಕಷ್ಟದ್ದು: ಪಟ್ಟಿ ಹಳಸಬಾರದು. ತಪ್ಪು ನಂಬರ್ ಇರೋದಕ್ಕಿಂತ ನಂಬರ್ ಇಲ್ಲದಿರೋದೇ ವಾಸಿ. ಅವಸರದಲ್ಲಿರೋರು ಒಮ್ಮೆ ಮೋಸ ಹೋದರೆ ಮತ್ತೆ ಆ ಪಟ್ಟಿ ತೆರೆಯಲ್ಲ. ಅಮೆರಿಕದಲ್ಲಿ 211ಕ್ಕೆ ಫೋನ್ ಮಾಡಿದರೆ ಊಟ, ವಸತಿ, ಚಿಕಿತ್ಸೆಗೆ ಹತ್ತಿರದಲ್ಲಿ ಏನು ಸಹಾಯ ಇದೆ ಅಂತ ಹೇಳ್ತಾರೆ. 1997ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ ಈ ವ್ಯವಸ್ಥೆಗೆ 2000ದಲ್ಲಿ ದೇಶಕ್ಕೆಲ್ಲಾ ಒಂದೇ ನಂಬರ್ ಸಿಕ್ತು. ಅಲ್ಲಿ ಮಾಹಿತಿ ಸರಿ ಇದೆಯಾ ಅಂತ ಮತ್ತೆ ಮತ್ತೆ ವಿಚಾರಿಸೋದೇ ಕೆಲವರ ನೌಕರಿ.

ನಮ್ಮಲ್ಲಿ ಅದಕ್ಕೆ ಸಂಬಳ ಕೊಡೋರಿಲ್ಲ, ಆದರೆ ನಾವಿದ್ದೀವಿ. ಡಿಗ್ರಿ ಮುಗಿಯೋದರೊಳಗೆ ಮೊದಲ ವರ್ಷಕ್ಕೇ ಸೇರಿದವರಿಗೆ 100 ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ಬೇಕು. ಎಷ್ಟೋ ಜನ ಕೊನೇ ಸೆಮಿಸ್ಟರಲ್ಲಿ ಸರ್ಟಿಫಿಕೇಟಿಗೆ ಓಡಾಡ್ತಾರೆ. 60 ಜನರ ಒಂದು ಕ್ಲಾಸ್, ತಲೆಗೆ 20 ಎಂಟ್ರಿ ಅಂದ್ರೆ 1200 ಎಂಟ್ರಿ. ಒಂದು ಕಾಲ್‌ಗೆ ಮೂರು ನಿಮಿಷ ಹಿಡಿದರೂ ಒಬ್ಬರಿಗೆ ಸೆಮಿಸ್ಟರಿಗೆ ಒಂದು ಗಂಟೆ ಕೆಲಸ. ಪ್ರತಿ ಎಂಟ್ರಿ ಕೆಳಗೆ 'ಕೊನೆಯ ಸಲ ವಿಚಾರಿಸಿದ ದಿನಾಂಕ' ಇರಲಿ. ಆರು ತಿಂಗಳು ದಾಟಿದರೆ ಅದು ತಾನಾಗೇ ಪಟ್ಟಿಯಿಂದ ಮರೆಯಾಗಲಿ. ಸೀನಿಯರ್ಸ್ ಹೋಗುವಾಗ ಅವರ 20 ಎಂಟ್ರಿ ಜೂನಿಯರ್ಸ್ ಕೈಗೆ ಬರಲಿ.

ಎರಡು ವಿಷಯದಲ್ಲಿ ನಾವು ಹಟ ಹಿಡಿಯಬೇಕು. ಒಂದು, ಕೇಳದೆ ಯಾರ ನಂಬರೂ ಹಾಕಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲ ತತ್ವವೇ ಒಪ್ಪಿಗೆ. ಕಾಯ್ದೆ ಇಲ್ಲದಿದ್ದರೂ ಮನೆಗೆಲಸದ ಅಕ್ಕನ ನಂಬರ್ ಊರಿಗೆಲ್ಲಾ ಕೊಟ್ಟರೆ ರಾತ್ರಿ ಎಂಥ ಕಾಲ್ ಬರಬಹುದು ಅಂತ ಯೋಚನೆ ಮಾಡಿ. ಅವರು ಒಪ್ಪಿದರೆ ಸ್ತ್ರೀಶಕ್ತಿ ಸಂಘದ ನಂಬರ್ ಹಾಕೋಣ. ಎರಡು, ಸ್ಟಾರ್ ರೇಟಿಂಗ್ ಬೇಡ. ಕೂಲಿ ಬಗ್ಗೆ ಜಗಳ ಆಡಿದವರು ಕೊಡೋ ಒಂದು ಸ್ಟಾರ್‌ಗೆ ಉತ್ತರ ಬರೆಯೋಕೆ ಗೌಂಡಿಗೆ ಪುರುಸೊತ್ತಿರಲ್ಲ. ಮತ್ತೆ ನಂಬೋದು ಹೇಗೆ ಅಂದ್ರೆ, ಈಗ ನಂಬೋ ಹಾಗೇ: ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದ್ದಾರೆ ಅಂತ ಅವರನ್ನೇ ಕೇಳಿ ಬರೆಯೋಣ. ಬೇಕಾದವರು ಹೋಗಿ ನೋಡಲಿ.

ಇನ್ನು, ಪಟ್ಟಿ ಇಂಟರ್ನೆಟ್ಟಲ್ಲಿ ಮಾತ್ರ ಇದ್ದರೆ ಅರ್ಧ ಕೆಲಸ. ಪ್ರತಿ ಸೆಮಿಸ್ಟರಿಗೊಮ್ಮೆ ಪ್ರಿಂಟ್ ತೆಗೆದು ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಅಂಟಿಸೋಣ. ಸ್ಮಾರ್ಟ್‌ಫೋನ್ ಇಲ್ಲದವರೂ ಓದಲಿ.

ಆರೂ ತಾಲ್ಲೂಕು ಒಂದೇ ಸಲ ಬೇಡ. ಜಗಳೂರು ಒಂದರಿಂದ ಶುರು ಮಾಡೋಣ. ಆ ಕಡೆಯಿಂದ ಬರೋ ಡೇ ಸ್ಕಾಲರ್ಸ್ ನಮ್ಮ ಜೊತೆ ಸೇರಿದರೆ ಮೊದಲ 200 ಎಂಟ್ರಿಗೆ ಹತ್ತು ಜನ ಸಾಕು. ವೆಬ್‌ಸೈಟ್ ಬೇಕಾದ್ರೆ ಒಂದು ವಾರದಲ್ಲಿ ಮಾಡಬಹುದು. ಮೊದಲು ಫೋನ್ ಎತ್ಕೊಂಡು "ಅಣ್ಣ, ನಿಮ್ಮ ನಂಬರ್ ಹಾಕಬಹುದಾ?" ಅಂತ ಕೇಳೋ ಹತ್ತು ಜನ ಬೇಕು.