ಕೆಟ್ಟ ಓವನ್ನೂ ಹಸಿರು ತಂತಿಯೂ

ಕೆಟ್ಟುನಿಂತ ವಿದ್ಯುತ್ ಓವನ್ನನ್ನು ಎಸೆಯದೆ, ಮನೆಯಲ್ಲಿಯೇ ಬಿಚ್ಚಿ ಸರಿಪಡಿಸಬಯಸುವ ಗೃಹಸ್ಥರ ಉತ್ಸಾಹವು ನಿಜಕ್ಕೂ ಗೌರವಾರ್ಹವಾದುದು. ಆದರೆ 230 ವೋಲ್ಟಿನ ಪ್ರವಾಹವು ಉತ್ಸಾಹಿಯನ್ನೂ ಅಜ್ಞನನ್ನೂ ಸಮಾನವಾಗಿಯೇ ಕೊಲ್ಲಬಲ್ಲುದಾದ್ದರಿಂದ, ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು, ಯಂತ್ರವು ಪೂರ್ಣವಾಗಿ ತಣಿದ ಬಳಿಕವಷ್ಟೇ ಅದರ ಮೇಲೆ ಕೈಯಿಡತಕ್ಕದ್ದು.

ಒಳಗೆ ಶಾಖ ನೀಡುವ ಎಲಿಮೆಂಟೆಂಬುದು ನಿಕಲ್-ಕ್ರೋಮಿಯಂ ಮಿಶ್ರಲೋಹದ ತಂತಿಯನ್ನು ಮೆಗ್ನೀಸಿಯಂ ಆಕ್ಸೈಡಿನ ಪುಡಿಯಲ್ಲಿ ಹುದುಗಿಸಿ, ಲೋಹದ ಕೊಳವೆಯಲ್ಲಿ ಮುಚ್ಚಿದ ರಚನೆ. ಆ ಕೊಳವೆಯು ಬಿರಿದರೆ ಪುಡಿಯು ತೇವವನ್ನು ಹೀರಿ, ಪ್ರವಾಹವು ಹೊರಕವಚಕ್ಕೆ ಸೋರತೊಡಗುವುದು. ಅಂಥದನ್ನು ಬದಲಿಸಬೇಕೇ ಹೊರತು ತೇಪೆ ಹಾಕಲಾಗದು. ಸುಟ್ಟ ವಯರಿಗೆ ಟೇಪು ಸುತ್ತುವುದೂ ಸಲ್ಲದು.

ಹೀಗೆ ಸೋರಿದ ಪ್ರವಾಹವನ್ನು ಭೂಮಿಗೆ ಒಯ್ದು ಪ್ರಾಣರಕ್ಷಣೆ ಮಾಡುವ ಹಸಿರು ತಂತಿಯನ್ನು, ಕೇವಲ ಎರಡು ಪಿನ್ನಿನ ಪ್ಲಗ್ಗಿನ ಅನುಕೂಲಕ್ಕಾಗಿ ಕತ್ತರಿಸಿಬಿಡುವ ರೂಢಿಯನ್ನು ನಾನು ಅಕ್ಷಮ್ಯವೆಂದೇ ಭಾವಿಸುತ್ತೇನೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಈ ತಂತಿ ಸೇರುವ ಅರ್ಥಿಂಗ್ ಪಿನ್ನು ಮಿಕ್ಕೆರಡಕ್ಕಿಂತ ಉದ್ದವಾಗಿರುವುದು, ಆ ಸಂಪರ್ಕವು ಮೊದಲು ಕೂಡಿ ಕಡೆಗೆ ಬಿಡಲೆಂಬ ವಿವೇಕದಿಂದ.

ಮೈಕ್ರೋವೇವ್ ಓವನ್ನಿನ ಮಾತು ಬೇರೆ. ಅದರ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಮಾರಕವಾದ ವಿದ್ಯುತ್ತನ್ನು ಧರಿಸಿರಬಲ್ಲುದಾದ ಕಾರಣ, ಅದನ್ನು ಮನೆಯಲ್ಲಿ ಬಿಚ್ಚಲೇಕೂಡದು, ಬಲ್ಲ ಮೆಕ್ಯಾನಿಕ್ಕಿನ ಕೈಗೇ ಒಪ್ಪಿಸತಕ್ಕದ್ದು.