ಬೀಜಗಣಿತದ ಬಾಗಿಲಲ್ಲಿ ನಿಂತವರು

2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಶಾಲೆಗಳು ಎಂಟನೇ ತರಗತಿಯಿಂದ ಬೀಜಗಣಿತವನ್ನು ಹಿಂತೆಗೆದುಕೊಂಡವು. ಎಲ್ಲ ಮಕ್ಕಳೂ ಒಟ್ಟಿಗೆ ಒಂಬತ್ತನೇ ತರಗತಿಯಲ್ಲಿ ಅದನ್ನು ಕಲಿಯಬೇಕೆಂಬುದು ಹೊಸ ನೀತಿ. ಹನ್ನೆರಡು ಹದಿಮೂರರ ವಯಸ್ಸಿನಲ್ಲೇ ಮಕ್ಕಳನ್ನು ‘ಜಾಣರು’ ಮತ್ತು ‘ಉಳಿದವರು’ ಎಂದು ಬೇರ್ಪಡಿಸಿದರೆ, ಆ ಗೆರೆ ಬಹುಪಾಲು ವರ್ಗ ಮತ್ತು ವರ್ಣದ ಗೆರೆಯೇ ಆಗಿಬಿಡುತ್ತದೆ ಎಂಬ ಅರಿವು ಅದರ ಹಿಂದಿತ್ತು. ಆ ಅರಿವು ಸುಳ್ಳಲ್ಲ. ಆದರೂ ಹತ್ತು ವರ್ಷಗಳ ಬಳಿಕ, 2024ರ ಮಾರ್ಚ್‌ನಲ್ಲಿ, ಬೀಜಗಣಿತವನ್ನು ಎಂಟನೇ ತರಗತಿಗೆ ಮರಳಿ ತರಬೇಕೆಂಬ ಸಲಹಾರೂಪದ ಪ್ರಸ್ತಾವಕ್ಕೆ ನಗರದ ಮತದಾರರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಒಪ್ಪಿಗೆ ಕೊಟ್ಟರು. ಅಮೆರಿಕದ ಅತ್ಯಂತ ಉದಾರವಾದಿ ನಗರಗಳಲ್ಲೊಂದು ಸಮಾನತೆಯ ಹೆಸರಿನ ನೀತಿಯೊಂದನ್ನು ಹೀಗೆ ತಿರಸ್ಕರಿಸಿದ್ದೇಕೆ ಎಂಬುದು ಪ್ರಗತಿಪರರು ತಾಳ್ಮೆಯಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ.

ಒಂದು ಉತ್ತರ ಅಂಕಿಅಂಶದಲ್ಲಿದೆ. ಬೀಜಗಣಿತವನ್ನು ಮತ್ತೊಮ್ಮೆ ಓದಬೇಕಾಗಿ ಬರುವ ಮಕ್ಕಳ ಪ್ರಮಾಣ ಸುಮಾರು ಶೇಕಡಾ 40ರಿಂದ 10ಕ್ಕಿಂತ ಕೆಳಗಿಳಿಯಿತೆಂದು ಶಾಲಾ ಆಡಳಿತ ಹೆಮ್ಮೆಯಿಂದ ಹೇಳಿಕೊಂಡಿತ್ತು. ಆದರೆ ಮುಂದಿನ ಹಂತಕ್ಕೆ ಹೋಗಲು ಹಿಂದೆ ಇದ್ದ ಪರೀಕ್ಷೆಯ ನಿಬಂಧನೆಯೂ ಅದೇ ಅವಧಿಯಲ್ಲಿ ಮಾಯವಾಗಿತ್ತೆಂದು ಪೋಷಕರ ಗುಂಪೊಂದು ಎತ್ತಿ ತೋರಿಸಿತು. ಅಳೆಯುವ ಕೋಲನ್ನೇ ಬದಲಿಸಿ ಮಗು ಎತ್ತರವಾಯಿತೆಂದು ಸಾರಿದಂತಾಯಿತು ಅದು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಉನ್ನತ ಗಣಿತದ ತರಗತಿಗಳಲ್ಲಿ ಜನಾಂಗೀಯ ಅಂತರ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು.

ಇನ್ನೊಂದು ಉತ್ತರ ಅಂಕಿಅಂಶಕ್ಕೆ ಸಿಗುವುದಿಲ್ಲ. ಅದು ಶನಿವಾರ ಬೆಳಗಿನ ಕೋಚಿಂಗ್ ಕೇಂದ್ರಗಳ ಪಾರ್ಕಿಂಗ್ ಜಾಗದಲ್ಲಿ ಸಿಗುತ್ತದೆ. ಸಾರ್ವಜನಿಕ ಶಾಲೆ ಕೊಡದ ಬೀಜಗಣಿತವನ್ನು ಹಣವುಳ್ಳವರು ಹೊರಗೆ ಕೊಂಡುಕೊಂಡರು. ಆ ಸಾಲಿನಲ್ಲಿ ಬೇ ಏರಿಯಾದ ಕನ್ನಡಿಗರ ಕಾರುಗಳೂ ಇವೆ. ವಾರದ ದಿನಗಳಲ್ಲಿ ಸಮಾನ ಶಿಕ್ಷಣದ ಪರ ವಾದಿಸುವ ಕುಟುಂಬವೇ ವಾರಾಂತ್ಯದಲ್ಲಿ ಮಗುವನ್ನು ಎರಡು ವರ್ಷ ಮುಂದೆ ದೂಡುವ ತರಗತಿಗೆ ಶುಲ್ಕ ಕಟ್ಟುತ್ತದೆ. ಇದರಲ್ಲಿ ಮಗುವಿನ ಮೇಲಿನ ಅಕ್ಕರೆಯಿದೆ, ವಲಸಿಗರ ಅಭದ್ರತೆಯೂ ಇದೆ. ಆದರೆ ಪರಿಣಾಮ ಸ್ಪಷ್ಟ: ಬಾಗಿಲು ಮುಚ್ಚಿದಾಗ ಹೊರಗೆ ಉಳಿಯುವುದು ಕಿಟಕಿಯನ್ನು ಕೊಳ್ಳಲಾರದ ಮಗು ಮಾತ್ರ.

ಈ ಮಾತನ್ನು ನಾಗರಿಕ ಹಕ್ಕುಗಳ ಚಳವಳಿಯ ಬಾಬ್ ಮೋಸೆಸ್ ಬಹಳ ಹಿಂದೆಯೇ ಕಂಡುಕೊಂಡಿದ್ದರು. 1960ರ ದಶಕದಲ್ಲಿ ಮಿಸಿಸಿಪ್ಪಿಯ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಏಟು ತಿಂದವರು ಅವರು. 1980ರ ದಶಕದಲ್ಲಿ ಅವರೇ ‘ಆಲ್ಜೀಬ್ರಾ ಪ್ರಾಜೆಕ್ಟ್’ ಕಟ್ಟಿದರು. ಮತದ ಹಕ್ಕಿನಂತೆಯೇ ಬೀಜಗಣಿತವೂ ಪೌರತ್ವದ ಪ್ರಶ್ನೆ ಎಂಬುದು ಅವರ ನಿಲುವು. ಬಡ ಮಕ್ಕಳಿಗಾಗಿ ಗಣಿತವನ್ನು ತೆಳುವಾಗಿಸುವುದು ಅವರ ದಾರಿಯಾಗಿರಲಿಲ್ಲ. ಅದನ್ನು ತಲುಪಿಸುವ ವಿಧಾನವನ್ನು ಬದಲಿಸುವುದು ಅವರ ದಾರಿ. ಮಕ್ಕಳನ್ನು ಬಾಸ್ಟನ್ ಪ್ರದೇಶದ ಸಬ್‌ವೇ ರೈಲಿನಲ್ಲಿ ಕರೆದೊಯ್ದು, ನಿಲ್ದಾಣಗಳ ನಡುವಿನ ಚಲನೆಯಿಂದ ಧನ ಮತ್ತು ಋಣ ಸಂಖ್ಯೆಗಳನ್ನು ಅರ್ಥ ಮಾಡಿಸಲಾಗುತ್ತಿತ್ತು. ಎಷ್ಟು ನಿಲ್ದಾಣ, ಯಾವ ದಿಕ್ಕಿಗೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಲು ಕಲಿತ ಮಗುವಿಗೆ ಋಣ ಸಂಖ್ಯೆ ಮಂತ್ರವಾಗಿ ಉಳಿಯುವುದಿಲ್ಲ.

ಯಾವ ತರಗತಿಯಲ್ಲಿ ಎಂಬ ಜಗಳದಲ್ಲಿ ಹೇಗೆ ಎಂಬ ಪ್ರಶ್ನೆ ಕಳೆದುಹೋಗುತ್ತದೆ. ಒಂದು ಸರಳ ಲೆಕ್ಕ: 8 + 4 = □ + 5. ಪೆಟ್ಟಿಗೆಯಲ್ಲಿ ಬರಬೇಕಾದ್ದು 7. ಆದರೆ 12 ಎಂದು ಬರೆಯುವ ಮಕ್ಕಳು ಬಹಳ; 17 ಎಂದು ಬರೆಯುವವರೂ ಉಂಟು. ಇವರಿಗೆ ಕೂಡುವುದು ಬರುವುದಿಲ್ಲವೆಂದಲ್ಲ. ಸಮ ಚಿಹ್ನೆಯನ್ನು ಅವರು ತಕ್ಕಡಿಯಂತೆ ಕಾಣದೆ, ‘ಈಗ ಉತ್ತರ ಬರೆ’ ಎಂಬ ಅಪ್ಪಣೆಯಂತೆ ಕಾಣುತ್ತಾರೆ. ಈ ತಿಳಿವಳಿಕೆಯೊಂದಿಗೆ ಸಮೀಕರಣಕ್ಕೆ ಕಾಲಿಟ್ಟರೆ ಎಂಟನೇ ತರಗತಿಯಲ್ಲೂ ಎಡವುತ್ತಾರೆ, ಒಂಬತ್ತನೆಯಲ್ಲೂ ಎಡವುತ್ತಾರೆ. ಸೊನ್ನೆ ಅಂಕ ಕೊಟ್ಟು ಮುಂದೆ ಸಾಗುವ ಪರೀಕ್ಷೆಗೆ 12 ಮತ್ತು 17ರ ನಡುವೆ ವ್ಯತ್ಯಾಸವಿಲ್ಲ. ಶಿಕ್ಷಕಿಗಾದರೋ ಆ ಎರಡು ತಪ್ಪುಗಳು ಎರಡು ಬೇರೆ ಪಾಠಗಳ ಸುಳಿವು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಇದನ್ನೇ ಹೇಳಿದರು: ಮೌಲ್ಯಮಾಪನ ಕಲಿಸುವ ಕ್ರಮವನ್ನು ತಿದ್ದಲು ಬಳಕೆಯಾದಾಗ ಮಕ್ಕಳ ಕಲಿಕೆ ಏರುತ್ತದೆ, ಅದರಲ್ಲೂ ಹಿಂದುಳಿದ ಮಕ್ಕಳದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಬೇಕಾದದ್ದು ಮಗುವಿನ ಉತ್ತರವನ್ನು ಓದಲು ಸಮಯವಿರುವ ಶಿಕ್ಷಕರು, ಸಣ್ಣ ತರಗತಿಗಳು, ಗಣಿತ ಬಲ್ಲವರನ್ನು ಸಾರ್ವಜನಿಕ ಶಾಲೆಯಲ್ಲಿ ಉಳಿಸಿಕೊಳ್ಳುವ ಸಂಬಳ. ನೀತಿಕಾರರು ಬೀಜಗಣಿತವನ್ನು ಒಂದು ವರ್ಷ ಹಿಂದಕ್ಕೋ ಮುಂದಕ್ಕೋ ಸರಿಸುವುದನ್ನು ಇಷ್ಟಪಡುವುದು, ಅದಕ್ಕೆ ಹಣ ಬೇಡವೆಂಬ ಕಾರಣಕ್ಕೂ ಇರಬಹುದು.

ಕರ್ನಾಟಕದಿಂದ ಬಂದವರಿಗೆ ಇಲ್ಲಿ ಒಂದು ತೊಡಕಿದೆ. ಎಸ್ಸೆಸ್ಸೆಲ್ಸಿಯ ಗಣಿತದ ಅಂಕಪಟ್ಟಿಯನ್ನು ಏಣಿಯಾಗಿಸಿಕೊಂಡು ದೇಶ ದಾಟಿದವರಿಗೆ ಪರೀಕ್ಷೆಯೇ ನ್ಯಾಯದ ಪ್ರತಿರೂಪವಾಗಿ ಕಾಣುವುದು ಸಹಜ. ಅದೇ ಅಂಕಪಟ್ಟಿ ಎಷ್ಟೋ ಹಳ್ಳಿಗಳ ದಲಿತ, ಹಿಂದುಳಿದ ಮಕ್ಕಳ ಓದಿಗೆ ಪೂರ್ಣವಿರಾಮವೂ ಆಗಿತ್ತೆಂಬುದು ಸುಲಭವಾಗಿ ಮರೆಯುತ್ತದೆ. ಅಲ್ಲಿ ಎಲ್ಲರಿಗೂ ಪಠ್ಯ ಒಂದೇ ಇತ್ತು. ಮನೆಪಾಠ, ಮನೆಯ ಅಕ್ಷರ, ಓದಲು ಬಿಡುವು ಒಂದೇ ಇರಲಿಲ್ಲ. ಐದು, ಎಂಟು, ಒಂಬತ್ತನೇ ತರಗತಿಗಳಿಗೂ ಬೋರ್ಡ್ ಮಟ್ಟದ ಪರೀಕ್ಷೆ ತರಲು ಕರ್ನಾಟಕ ಹೊರಟಾಗ ವಿವಾದ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿಯೂ ಪರೀಕ್ಷೆ ಬೇಕೋ ಬೇಡವೋ ಎಂಬ ಸದ್ದಿನಲ್ಲಿ, ಮಗುವಿನ ಉತ್ತರಪತ್ರಿಕೆಯನ್ನು ಮುಂದೇನು ಮಾಡಲಾಗುತ್ತದೆ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಪಾಠ ‘ಸಮಾನತೆ ಸೋತಿತು’ ಎಂಬುದಲ್ಲ. ಕೊಡದಿರುವುದನ್ನು ಎಲ್ಲರಿಗೂ ಸಮನಾಗಿ ಹಂಚುವುದು ಸಮಾನತೆಯಲ್ಲ ಎಂಬುದು ಆ ಪಾಠ. ಬೀಜಗಣಿತ ಎಂಟನೇ ತರಗತಿಗೆ ಮರಳುವುದು ಸರಿ. ಆದರೆ ಮೊದಲೇ ಸಿದ್ಧರಾದ ಮಕ್ಕಳಿಗಷ್ಟೇ ಮರಳಿದರೆ 2014ರ ಹಿಂದಿನ ಗೆರೆಯೇ ಮತ್ತೆ ಮೂಡುತ್ತದೆ. ಆರು ಮತ್ತು ಏಳನೇ ತರಗತಿಗಳಲ್ಲೇ ಹೆಚ್ಚುವರಿ ಬೋಧನೆಯ ಸಮಯ, ಅಂಕಕ್ಕಿಂತ ತಪ್ಪಿನ ಬಗೆಯನ್ನು ದಾಖಲಿಸುವ ಮೌಲ್ಯಮಾಪನ, ಹಾಗೂ ಅದಕ್ಕೆ ಬೇಕಾದ ಹಣ, ಈ ಮೂರೂ ಅದರ ಜೊತೆಗೆ ಬರಬೇಕು. ಶಾಲಾ ಮಂಡಳಿಯ ಸಭೆಗಳಲ್ಲಿ ಕನ್ನಡ ಕುಟುಂಬಗಳು ಮಾತನಾಡುವುದಾದರೆ ಈ ಬೇಡಿಕೆಗಳಿಗಾಗಿ ಮಾತನಾಡಲಿ. ತಮ್ಮ ಮಗುವಿಗೆ ಕೊಂಡುಕೊಟ್ಟದ್ದನ್ನು ಪಕ್ಕದ ಬೆಂಚಿನ ಮಗುವಿಗೆ ಸಾರ್ವಜನಿಕ ಶಾಲೆಯೇ ಕೊಡಲಿ ಎಂದು ಕೇಳಲಿ.